ಕೆಂಪು ಕಡಲಕಳೆಯ ಒಳರಚನೆ ಮತ್ತು ಸಂತಾನಕ್ರಮ: ಗ್ರಾಸಿಲೇರಿಯಾವನ್ನು ಕೈಯಲ್ಲಿ ಹಿಡಿದು ಕಲಿಯುವ ಸಮಗ್ರ ಮಾರ್ಗದರ್ಶಿ

ಪದವಿ ತರಗತಿಯಲ್ಲಿ ಸಸ್ಯಶಾಸ್ತ್ರ ಓದಿದ ಹೆಚ್ಚಿನವರಿಗೆ ಕೆಂಪು ಕಡಲಕಳೆ ಎಂದರೆ ನೆನಪಾಗುವುದು ಪಾಲಿಸೈಫೋನಿಯಾ ಎಂಬ ಕಳೆಯ ಜೀವನಚಕ್ರದ ಚಿತ್ರ: ಒಂದು ವೃತ್ತ, ಅದರ ಸುತ್ತ ಬಾಣಗಳು, ಕಾರ್ಪೊಗೋನಿಯಂ, ಸಿಸ್ಟೊಕಾರ್ಪ್, ಟೆಟ್ರಾಸ್ಪೋರ್ ಎಂಬ ಹೆಸರುಗಳು. ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ ಮಾಡಿದ ಆ ವೃತ್ತ ವಾರ ಕಳೆಯುವಷ್ಟರಲ್ಲಿ ಮರೆತುಹೋಗಿರುತ್ತದೆ. ಇದರಲ್ಲಿ ವಿದ್ಯಾರ್ಥಿಗಳ ತಪ್ಪಿಲ್ಲ ಎಂಬುದು ಅವರೊಂದಿಗೆ ಹಲವು ವರ್ಷ ಕರಾವಳಿಯ ಬಂಡೆಗಳ ಮೇಲೆ ಓಡಾಡಿದ ಮೇಲೆ ನನಗೆ ಮನವರಿಕೆಯಾಗಿದೆ. ಪಠ್ಯದ ಚಿತ್ರ ಶುರುವಾಗುವುದೇ ನುರಿತ ಕಣ್ಣಿಗೂ ಸುಲಭವಾಗಿ ಸಿಗದ ಒಂದು ಜೀವಕೋಶದಿಂದ. ಆದ್ದರಿಂದ ಇಲ್ಲಿ ಕ್ರಮವನ್ನು ತಿರುಗಿಸಿದ್ದೇನೆ. ಬರಿಗಣ್ಣಿಗೆ ಕಾಣುವ, ಬೆರಳಿಗೆ ತಾಗುವ ಉಬ್ಬಿನಿಂದ ಹೊರಟು, ಅದರೊಳಗೆ ಇಳಿದು, ಕೊನೆಯಲ್ಲಿ ಆ ಕಾಣದ ಕೋಶವನ್ನು ತಲುಪುವುದು ನಮ್ಮ ದಾರಿ.

ಯಾವ ಕಳೆಯನ್ನು ಆರಿಸಬೇಕು

ಕೆಂಪು ಕಡಲಕಳೆಗಳ ಗುಂಪಾದ ರೊಡೊಫೈಟಾದಲ್ಲಿ ಏಳು ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ. ಕಲಿಯುವವರಿಗೆ ನಾನು ಹೇಳುವುದು ಗ್ರಾಸಿಲೇರಿಯಾ ಕಾರ್ಟಿಕೇಟಾ. ಕರ್ನಾಟಕವೂ ಸೇರಿದಂತೆ ಭಾರತದ ಪಶ್ಚಿಮ ಕರಾವಳಿಯ ಕಲ್ಲುಬಂಡೆಗಳ ಮೇಲೆ, ಇಳಿತದ ಹೊತ್ತಿನಲ್ಲಿ ಹೊರಬೀಳುವ ಪಟ್ಟಿಯಲ್ಲಿ ಅದು ಗೊಂಚಲು ಗೊಂಚಲಾಗಿ ಬೆಳೆಯುತ್ತದೆ. ಮೈ ಚಪ್ಪಟೆ, ಮುಟ್ಟಿದರೆ ಮೆದುಮೂಳೆಯ ಹಾಗೆ ಗಡಸು, ಕೊಂಬೆಗಳು ಕವಲೊಡೆದು ಮತ್ತೆ ಕವಲೊಡೆಯುತ್ತ ಹೋಗುತ್ತವೆ. ಎತ್ತರ ಸಾಮಾನ್ಯವಾಗಿ ಒಂದು ಗೇಣಿಗಿಂತ ಕಡಿಮೆ. ಪಾಲಿಸೈಫೋನಿಯಾ ಕೂದಲಿನಷ್ಟು ಸಣ್ಣದು, ಹಿಡಿಯಲೂ ಕೊಯ್ಯಲೂ ಕಷ್ಟ. ಗ್ರಾಸಿಲೇರಿಯಾ ಬ್ಲೇಡಿಗೆ ಚೆನ್ನಾಗಿ ಒಗ್ಗುತ್ತದೆ.

ಸಂಗ್ರಹಿಸುವುದು

ಅಮಾವಾಸ್ಯೆ ಅಥವಾ ಹುಣ್ಣಿಮೆಯ ಆಸುಪಾಸಿನ ದಿನಗಳನ್ನು ಆರಿಸಿಕೊಳ್ಳಿ. ಆಗ ನೀರು ಹೆಚ್ಚು ಕೆಳಕ್ಕೆ ಇಳಿಯುತ್ತದೆ. ಸರ್ವೆ ಆಫ್ ಇಂಡಿಯಾ ಪ್ರಕಟಿಸುವ ಉಬ್ಬರವಿಳಿತದ ಕೋಷ್ಟಕದಲ್ಲಿ ಹತ್ತಿರದ ಬಂದರಿನ ವೇಳೆ ನೋಡಿಕೊಂಡು, ಅತಿ ಕಡಿಮೆ ನೀರಿನ ಸಮಯಕ್ಕಿಂತ ಒಂದು ಗಂಟೆ ಮೊದಲೇ ಬಂಡೆಯ ಮೇಲಿರಿ, ನೀರು ತಿರುಗಿದ ಕೂಡಲೇ ಹಿಂದಿರುಗಿ. ಒಬ್ಬರೇ ಹೋಗಬೇಡಿ. ಪಾಚಿಗಟ್ಟಿದ ಬಂಡೆಯ ಮೇಲೆ ಹವಾಯಿ ಚಪ್ಪಲಿ ಜಾರುತ್ತದೆ, ಸಿಂಪಿಯ ಅಂಚು ಕಾಲನ್ನು ಸೀಳುತ್ತದೆ. ಹಿಡಿತವಿರುವ ಬೂಟು ಬೇಕು. ಸಂರಕ್ಷಿತ ದ್ವೀಪಗಳಿಂದ ಅನುಮತಿಯಿಲ್ಲದೆ ಏನನ್ನೂ ತರಬಾರದು.

ಇಡೀ ಗೊಂಚಲನ್ನು ಕಿತ್ತುಕೊಳ್ಳುವ ಅಗತ್ಯವಿಲ್ಲ. ಬಂಡೆಗೆ ಅಂಟಿರುವ ಬಿಲ್ಲೆಯಂಥ ಬುಡವನ್ನು ಹೋಲ್ಡ್‌ಫಾಸ್ಟ್ ಎನ್ನುತ್ತಾರೆ. ಅದನ್ನು ಉಳಿಸಿ ಮೇಲಿನ ಕೊಂಬೆಗಳನ್ನಷ್ಟೇ ಕತ್ತರಿಸಿದರೆ ಅದೇ ಬುಡದಿಂದ ಕಳೆ ಮತ್ತೆ ಚಿಗುರಬಲ್ಲದು. ಬುಡದ ರಚನೆ ನೋಡಬೇಕಿದ್ದರೆ ಒಂದೇ ಒಂದು ಗಿಡವನ್ನು ಚಾಕುವಿನ ತುದಿಯಿಂದ ಎಬ್ಬಿಸಿಕೊಂಡರೆ ಸಾಕು. ಬೇರೆ ಬೇರೆ ಗೊಂಚಲುಗಳಿಂದ ಇಪ್ಪತ್ತು ಮೂವತ್ತು ತುಂಡು ತನ್ನಿ. ಇದು ಮುಖ್ಯ, ಏಕೆಂದರೆ ಒಂದು ಗಿಡ ಹೆಣ್ಣು, ಗಂಡು ಅಥವಾ ಟೆಟ್ರಾಸ್ಪೋರ್ ಎಂಬ ಬೀಜಕ (ಮೊಳೆತು ಹೊಸ ಗಿಡವಾಗುವ ಒಂಟಿ ಕೋಶ) ಬಿಡುವ ಗಿಡ ಇವುಗಳಲ್ಲಿ ಒಂದಾಗಿರುತ್ತದೆ. ಒಂದೇ ಗೊಂಚಲನ್ನು ಎಷ್ಟು ಹುಡುಕಿದರೂ ಮೂರೂ ಸಿಗಲಾರವು.

ತುಂಡುಗಳನ್ನು ಕಡಲ ನೀರಿನಲ್ಲಿ ಅಲುಗಿಸಿ ಮರಳು ತೊಳೆದು, ಒದ್ದೆ ಬಟ್ಟೆಯಲ್ಲಿ ಸುತ್ತಿ ತಣ್ಣನೆಯ ಡಬ್ಬಿಯಲ್ಲಿಡಿ. ಸಿಹಿನೀರು ತಾಗಿಸಬೇಡಿ. ಒಮ್ಮೆ ನಾನು ಮುಚ್ಚಿದ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಮಧ್ಯಾಹ್ನದ ಬಸ್ಸಿನಲ್ಲಿ ತಂದ ಕಳೆಯೆಲ್ಲ ಊರು ಮುಟ್ಟುವಷ್ಟರಲ್ಲಿ ಕಿತ್ತಳೆ ಬಣ್ಣಕ್ಕೆ ತಿರುಗಿ ಲೋಳೆಯಾಗಿತ್ತು. ಆ ತಿಂಗಳ ಪಾಠವೇ ಕೈತಪ್ಪಿತು. ಕೆಲಸ ತಡವಾಗುವುದಿದ್ದರೆ ಒಂಬತ್ತು ಪಾಲು ಕಡಲ ನೀರಿಗೆ ಒಂದು ಪಾಲು ಅಂಗಡಿಯ ಫಾರ್ಮಲಿನ್ ಬೆರೆಸಿ ಅದರಲ್ಲಿ ಮುಳುಗಿಸಿ, ಬಣ್ಣ ಉಳಿಯುವಂತೆ ಕತ್ತಲೆಯಲ್ಲಿಡಿ. ಫಾರ್ಮಲಿನ್ ಕೆಲಸವನ್ನು ಗಾಳಿಯಾಡುವ ಕಡೆ, ಕೈಗವಸು ಹಾಕಿಕೊಂಡೇ ಮಾಡಬೇಕು. ಚೀಟಿಯಲ್ಲಿ ಸ್ಥಳ, ದಿನಾಂಕ, ಬಂಡೆಯ ಮೇಲಿನ ಮಟ್ಟವನ್ನು ಪೆನ್ಸಿಲಿನಲ್ಲಿ ಬರೆಯಿರಿ, ಶಾಯಿ ಕರಗಿಹೋಗುತ್ತದೆ.

ಬಣ್ಣಕ್ಕೆ ಮೋಸಹೋಗದಿರುವುದು

ಮೊದಲ ಗೊಂದಲ ಬಣ್ಣದಿಂದಲೇ ಬರುತ್ತದೆ. ಬಿಸಿಲಿಗೆ ಒಡ್ಡಿಕೊಂಡ ಬಂಡೆಯ ಮೇಲಿನ ಗ್ರಾಸಿಲೇರಿಯಾ ಹಳದಿಮಿಶ್ರಿತ ಹಸಿರಾಗಿಯೂ, ನೆರಳಿನ ಸಂದಿಯಲ್ಲಿ ಬೆಳೆದದ್ದು ಕಡು ನೇರಳೆಯಾಗಿಯೂ ಇರಬಹುದು. ಇದಕ್ಕೊಂದು ಸರಳ ಪರೀಕ್ಷೆಯಿದೆ. ಕೆಂಪಾದ ಒಂದು ಕೊಂಬೆಯನ್ನು ಬಿಸಿ ನೀರಿನ ಲೋಟಕ್ಕೆ ಹಾಕಿ ಕಣ್ಣು ತೆಗೆಯದೆ ನೋಡಿ. ಕೆಂಪು ಮೆಲ್ಲನೆ ಮಾಸಿ, ಅದರ ಅಡಿಯಲ್ಲಿ ಮೊದಲಿನಿಂದಲೂ ಇದ್ದ ಪತ್ರಹರಿತ್ತಿನ ಹಸಿರು ಮೇಲೆ ಬರುತ್ತದೆ. ಫೈಕೊಎರಿಥ್ರಿನ್ ಎಂಬ ಕೆಂಪು ವರ್ಣದ್ರವ್ಯ ಪ್ರೋಟೀನಿಗೆ ಅಂಟಿಕೊಂಡಿರುವುದರಿಂದ ಬಿಸಿ ತಾಗಿದೊಡನೆ ಕೆಡುತ್ತದೆ. ಇನ್ನೊಂದು ಕೊಂಬೆಯನ್ನು ಅರೆದು ತಣ್ಣನೆಯ ಸಿಹಿನೀರಿನಲ್ಲಿ ನೆನೆಹಾಕಿದರೆ ನೀರು ಗುಲಾಬಿಯಾಗುತ್ತದೆ, ಏಕೆಂದರೆ ಈ ವರ್ಣದ್ರವ್ಯ ನೀರಿನಲ್ಲಿ ಕರಗುತ್ತದೆ, ಪತ್ರಹರಿತ್ತು ಕರಗುವುದಿಲ್ಲ. ಆಳದ ನೀರಿಗೆ ಇಳಿಯುವ ನೀಲಿ-ಹಸಿರು ಬೆಳಕನ್ನು ಹೀರಿಕೊಳ್ಳಲು ಫೈಕೊಎರಿಥ್ರಿನ್ ತಕ್ಕುದಾದದ್ದು. ಬಹಾಮಾಸ್ ದ್ವೀಪಗಳ ಬಳಿ 268 ಮೀಟರ್ ಆಳದಲ್ಲೂ ಬಂಡೆಗೆ ಹೊರಪೊರೆಯಂತೆ ಅಂಟಿ ಬೆಳೆಯುವ ಕೆಂಪು ಕಳೆ ಸಿಕ್ಕಿದೆ.

ಮೈ ಕೊಯ್ದು ನೋಡುವುದು

ಅಡ್ಡಸೀಳು ತೆಗೆಯಲು ಹೊಸ ಬ್ಲೇಡ್ ಮತ್ತು ಒಂದು ಕ್ಯಾರೆಟ್ ತುಂಡು ಸಾಕು. ಕ್ಯಾರೆಟ್ಟನ್ನು ಉದ್ದಕ್ಕೆ ಅರ್ಧ ಸೀಳಿ, ಸೀಳಿನಲ್ಲಿ ಕೊಂಬೆಯನ್ನು ನೆಟ್ಟಗೆ ಸಿಕ್ಕಿಸಿ, ಬ್ಲೇಡನ್ನು ನಿಮ್ಮ ಕಡೆಗೆ ಒಂದೇ ಎಳೆತದಲ್ಲಿ ಜಾರಿಸಿ. ಗರಗಸದಂತೆ ಹಿಂದೆ ಮುಂದೆ ಆಡಿಸಿದರೆ ಜೀವಕೋಶಗಳು ಹರಿದುಹೋಗುತ್ತವೆ. ಇಪ್ಪತ್ತು ಸೀಳು ತೆಗೆದರೆ ಎರಡು ಮೂರು ಒಳ್ಳೆಯವು ಸಿಗುತ್ತವೆ, ಅದಕ್ಕೆ ಬೇಸರಿಸಬಾರದು. ಸೀಳನ್ನು ಕಡಲ ನೀರಿನ ಹನಿಯಲ್ಲಿಟ್ಟು ಮೊದಲು ಬಣ್ಣ ಹಾಕದೆಯೇ ನೋಡಿ.

ಹೊರ ಅಂಚಿನಲ್ಲಿ ಒಂದೆರಡು ಸಾಲು ಪುಟ್ಟ, ದಟ್ಟ ಬಣ್ಣದ ಕೋಶಗಳು ಕಾಣುತ್ತವೆ. ಇದು ಕಾರ್ಟೆಕ್ಸ್, ಬೆಳಕು ಹೀರಿ ಆಹಾರ ತಯಾರಿಸುವ ಕೆಲಸ ಬಹುಮಟ್ಟಿಗೆ ಇಲ್ಲೇ ನಡೆಯುತ್ತದೆ. ಒಳಕ್ಕೆ ಹೋದಂತೆ ಕೋಶಗಳು ಹಿಗ್ಗಿ, ಬಣ್ಣ ಕಳೆದುಕೊಂಡು, ಜೇನುಗೂಡಿನ ಹಾಗೆ ಜೋಡಿಸಿಟ್ಟಂತೆ ಕಾಣುತ್ತವೆ. ಇದು ಮೆಡುಲ್ಲಾ. ಇದನ್ನು ನೋಡಿ ಹೂಬಿಡುವ ಗಿಡದ ತಿರುಳಿನಂಥ ನಿಜವಾದ ಅಂಗಾಂಶವೆಂದು ತಿಳಿಯುವುದು ಸಹಜ, ಆದರೆ ಅದು ಸರಿಯಲ್ಲ. ಕೆಂಪು ಕಳೆಯ ಮೈಯೆಲ್ಲ ಮೂಲತಃ ಎಳೆಗಳೇ. ತುದಿಯ ಕೋಶ ವಿಭಜನೆಯಾಗುತ್ತ ಎಳೆ ಬೆಳೆದು, ಎಳೆಗಳು ಒತ್ತೊತ್ತಾಗಿ ಕೂಡಿಕೊಂಡು ಹೀಗೆ ತಿರುಳಿನ ರೂಪ ತಳೆದಿವೆ.

ಇದಕ್ಕೆ ಸಾಕ್ಷಿ ಬೇಕಾದರೆ ಈಗ ಬಣ್ಣ ಹಾಕಬೇಕು. ನೀರಿನಲ್ಲಿ ಶೇಕಡಾ 1ರಷ್ಟು ಅನಿಲೀನ್ ಬ್ಲೂ ಕರಗಿಸಿ, ಕೆಲವು ಹನಿ ತೆಳುವಾದ ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿ, ಸೀಳನ್ನು ಐದರಿಂದ ಹತ್ತು ನಿಮಿಷ ಅದರಲ್ಲಿಟ್ಟು ನೀರಿನಲ್ಲಿ ತೊಳೆಯಿರಿ. ಸ್ಲೈಡನ್ನು ಉಳಿಸಿಕೊಳ್ಳಬೇಕೆಂದರೆ ಗ್ಲಿಸರಿನ್ ಬಳಸಬಹುದು. ಆದರೆ ಒಮ್ಮೆಲೇ ಗಟ್ಟಿಯಾದುದನ್ನು ಹಾಕಿದರೆ ಕೋಶಗಳು ಕುಗ್ಗುವುದರಿಂದ ತೆಳುವಾದುದರಿಂದ ಶುರುಮಾಡಿ. ಈಗ ಎರಡು ಕೋಶಗಳು ಕೂಡುವಲ್ಲಿ ಗಾಢ ನೀಲಿಯ ಪುಟ್ಟ ಗುಂಡಿಗಳು ಎದ್ದು ಕಾಣುತ್ತವೆ. ಇವೇ ಪಿಟ್ ಸಂಪರ್ಕಗಳು. ಕೋಶ ಇಬ್ಭಾಗವಾಗುವಾಗ ನಡುವಿನ ಗೋಡೆ ಅಂಚಿನಿಂದ ಒಳಕ್ಕೆ ಬೆಳೆದು, ಮಧ್ಯದಲ್ಲೊಂದು ರಂಧ್ರ ಉಳಿಯುತ್ತದೆ; ಪ್ರೋಟೀನಿನ ಬಿರಡೆಯೊಂದು ಆ ರಂಧ್ರವನ್ನು ಮುಚ್ಚುತ್ತದೆ. ಅಂದರೆ ಹೆಸರು ಸಂಪರ್ಕವೆಂದಿದ್ದರೂ ಅದು ತೆರೆದ ದಾರಿಯಲ್ಲ. ಯಾವ ಕೋಶ ಯಾವುದರಿಂದ ಹುಟ್ಟಿತೆಂಬ ವಂಶಾವಳಿಯನ್ನು ಈ ಗುಂಡಿಗಳನ್ನು ಹಿಡಿದು ಓದಬಹುದು. ಒಂದು ಎಚ್ಚರ ಮಾತ್ರ ಬೇಕು: ಗ್ರಾಸಿಲೇರಿಯಾದಲ್ಲಿ ನೆರೆಹೊರೆಯ, ಆದರೆ ಒಂದೇ ತಾಯಿಯಿಂದ ಹುಟ್ಟದ ಕೋಶಗಳ ನಡುವೆಯೂ ಬಳಿಕ ಇಂಥ ಸಂಪರ್ಕ ಏರ್ಪಡುತ್ತದೆ.

ಈ ಬಿರಡೆಯ ಹಳಮೆ ನನ್ನನ್ನು ಪ್ರತಿಸಲವೂ ಬೆರಗಾಗಿಸುತ್ತದೆ. ನಮ್ಮದೇ ದೇಶದ ಚಿತ್ರಕೂಟದ ಸುಮಾರು 160 ಕೋಟಿ ವರ್ಷ ಹಿಂದಿನ ಶಿಲೆಗಳಲ್ಲಿ ಸಿಕ್ಕ, 2017ರಲ್ಲಿ ವಿವರಿಸಲಾದ ರಫತಾಜ್ಮಿಯಾ ಎಂಬ ಪಳೆಯುಳಿಕೆಯ ಅಡ್ಡಗೋಡೆಗಳ ನಡುವೆ ಪಿಟ್ ಸಂಪರ್ಕವಿರಬಹುದಾದ ಗುರುತುಗಳು ಕಂಡಿವೆ. ಅದು ನಿಜವಾಗಿಯೂ ಕೆಂಪು ಕಳೆಯೇ ಆಗಿದ್ದರೆ, ನೀವು ನೀಲಿ ಬಣ್ಣ ಹಾಕಿ ನೋಡುತ್ತಿರುವುದು ಅಷ್ಟು ಹಳೆಯ ಕಸುಬನ್ನು.

ಮತ್ತೊಂದು ಸೀಳಿಗೆ ಅಯೋಡಿನ್ ಹಾಕಿ. ಆಲೂಗಡ್ಡೆಯ ಪಿಷ್ಟದಂತೆ ಅದು ಕಡುನೀಲಿಯಾಗದೆ ಕೆಂಗಂದು ಬಣ್ಣಕ್ಕೆ ತಿರುಗುತ್ತದೆ. ಇದು ಫ್ಲೋರಿಡಿಯನ್ ಪಿಷ್ಟ. ಹಸಿರು ಗಿಡಗಳಲ್ಲಿ ಪಿಷ್ಟ ಹರಿತ್ಕಣದೊಳಗಿದ್ದರೆ, ಇಲ್ಲಿ ಅದರ ಹೊರಗೆ, ಕೋಶದ್ರವದಲ್ಲೇ ಕಾಳುಗಟ್ಟುತ್ತದೆ. ಕೋಶಗಳ ಸುತ್ತಲಿನ ದಪ್ಪ, ಪಾರದರ್ಶಕ ಗೋಡೆಯಲ್ಲಿರುವುದು ಅಗರ್ ಎಂಬ ಲೋಳೆಯಂಥ ವಸ್ತು. ಪ್ರಯೋಗಾಲಯದಲ್ಲಿ ಸೂಕ್ಷ್ಮಜೀವಿಗಳನ್ನು ಬೆಳೆಸಲು ಅಗರ್ ಬಳಸಬಹುದೆಂದು 1880ರ ದಶಕದ ಆರಂಭದಲ್ಲಿ ಸೂಚಿಸಿದವರು ಫ್ಯಾನಿ ಹೆಸ್ಸೆ. ಆಗ ರಾಬರ್ಟ್ ಕಾಖ್ ಎಂಬ ಸೂಕ್ಷ್ಮಜೀವಿ ವಿಜ್ಞಾನಿಯ ಬಳಿ ಫ್ಯಾನಿಯ ಪತಿ ಕೆಲಸ ಮಾಡುತ್ತಿದ್ದರು.

ಹೆಣ್ಣು ಗಿಡ ಮತ್ತು ಅದರ ಮೈಮೇಲಿನ ಉಬ್ಬು

ಈಗ ತಂದ ತುಂಡುಗಳನ್ನೆಲ್ಲ ಬಿಳಿ ತಟ್ಟೆಯಲ್ಲಿ ಹರಡಿ, ಹತ್ತು ಪಟ್ಟು ದೊಡ್ಡದು ಮಾಡುವ ಮಸೂರದಲ್ಲಿ ಒಂದೊಂದನ್ನೇ ನೋಡಿ. ಕೆಲವು ಕೊಂಬೆಗಳ ಅಂಚಿನಲ್ಲೂ ಮೈಮೇಲೂ ರಾಗಿ ಕಾಳಿನಂಥ ಉಬ್ಬುಗಳಿರುತ್ತವೆ. ಬೆರಳಾಡಿಸಿದರೆ ಒರಟಾಗಿ ತಾಗುತ್ತವೆ. ಒಂದು ಉಬ್ಬನ್ನು ಪಕ್ಕದಿಂದ ನೋಡಿದರೆ ನೆತ್ತಿಯಲ್ಲಿ ಸಣ್ಣ ತೂತು ಕಾಣುತ್ತದೆ. ಇದೇ ಸಿಸ್ಟೊಕಾರ್ಪ್, ತೂತಿಗೆ ಆಸ್ಟಿಯೋಲ್ ಎಂದು ಹೆಸರು. ಉಬ್ಬುಗಳಿರುವ ಗಿಡ ಹೆಣ್ಣು, ಅದರಲ್ಲಿ ನಿಷೇಚನ ನಡೆದುಹೋಗಿದೆ ಎಂಬ ಎರಡು ಸಂಗತಿಗಳು ಇಷ್ಟರಿಂದಲೇ ತಿಳಿದವು.

ಒಂದು ಉಬ್ಬಿರುವ ತುಂಡನ್ನು ಕ್ಯಾರೆಟ್ಟಿನಲ್ಲಿ ಸಿಕ್ಕಿಸಿ, ಬ್ಲೇಡು ತೂತಿನ ನಡುವೆ ಹಾಯುವಂತೆ ಸೀಳಿ. ಅಂಚಿನಲ್ಲಿ ಹಾದ ಸೀಳು ದಾರಿ ತಪ್ಪಿಸುತ್ತದೆ. ತೂತು ಕಾಣುವ ಸೀಳು ಸಿಗುವವರೆಗೆ ಪ್ರಯತ್ನಿಸಿ. ಅನಿಲೀನ್ ಬ್ಲೂ ಹಾಕಿ ಕಡಿಮೆ ವರ್ಧನೆಯಲ್ಲಿ ನೋಡಿದರೆ ಗುಮ್ಮಟದಂಥ ಒಂದು ಕೋಣೆ ಕಾಣುತ್ತದೆ. ಗುಮ್ಮಟದ ದಪ್ಪ ಗೋಡೆ ಪೆರಿಕಾರ್ಪ್. ಹಲವು ಸಾಲು ಕೋಶಗಳ ಈ ಗೋಡೆ ತಾಯಿ ಗಿಡದ್ದೇ. ಕೋಣೆಯ ನೆಲದಲ್ಲಿ ಅನೇಕ ಕೋಶಗಳು ಒಂದಾಗಿ ಬೆಸೆದುಕೊಂಡ ದೊಡ್ಡ ಕೋಶವೊಂದಿದೆ, ಅದು ಬೆಸುಗೆ ಕೋಶ. ಅದರಿಂದ ಮೇಲಕ್ಕೆ ಗೋನಿಮೊಬ್ಲಾಸ್ಟ್ ಎಂಬ ಎಳೆಗಳ ಪೊದೆ ಎದ್ದು, ಪೊದೆಯ ಹೊರ ತುದಿಗಳಲ್ಲಿ ಗುಂಡಗಿನ, ಕಡುಗೆಂಪಿನ ಕಾರ್ಪೊಸ್ಪೋರ್ ಎಂಬ ಬೀಜಕಗಳು ಮಾಗುತ್ತಿರುತ್ತವೆ. ಪೊದೆಯಿಂದ ಗುಮ್ಮಟದ ಗೋಡೆಗೆ ಕೊಳವೆಯಂಥ ಕೆಲವು ಉದ್ದ ಕೋಶಗಳು ಚಾಚಿರುವುದೂ ಕಂಡೀತು. ತಾಯಿಯಿಂದ ಪೋಷಣೆ ಪಡೆಯುವುದು ಅವುಗಳ ಕೆಲಸವೆಂದು ಭಾವಿಸಲಾಗಿದೆ.

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಇಡೀ ಜೀವನಚಕ್ರದ ಬೀಗದ ಕೈ ಇದೇ ಸ್ಲೈಡಿನಲ್ಲಿದೆ. ಗೋಡೆಯ ಕೋಶಗಳಲ್ಲಿರುವುದು ಒಂದು ಕಂತೆ ವರ್ಣತಂತು, ಒಳಗಿನ ಪೊದೆಯಲ್ಲಿರುವುದು ಎರಡು ಕಂತೆ. ಗೋಡೆ ಏಕಗುಣಿತ ತಾಯಿ, ಪೊದೆ ದ್ವಿಗುಣಿತ ಮಗು. ಆ ಪೊದೆ ಹಣ್ಣೂ ಅಲ್ಲ, ಅಂಗವೂ ಅಲ್ಲ. ತಾಯಿಯ ಮೈಯಲ್ಲೇ ಹುಟ್ಟಿ, ಅವಳನ್ನೇ ಉಂಡು, ಅಲ್ಲೇ ಬೀಜಕ ಬಿಟ್ಟು ಮುಗಿದುಹೋಗುವ ಒಂದು ಇಡೀ ತಲೆಮಾರು. ಅದಕ್ಕೆ ಕಾರ್ಪೊಸ್ಪೋರೊಫೈಟ್ ಎಂದು ಹೆಸರು. ಪುಸ್ತಕದ ಚಿತ್ರದಲ್ಲಿ ಗೋಡೆಗೂ ಪೊದೆಗೂ ಒಂದೇ ಕಪ್ಪು ಗೆರೆ ಬಳಸುವುದರಿಂದ ಈ ವಿಷಯ ತಲೆಗೆ ಹೋಗುವುದಿಲ್ಲ. ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಎರಡಕ್ಕೂ ಬೇರೆ ಬೇರೆ ಬಣ್ಣದ ಪೆನ್ಸಿಲ್ ಬಳಸಿ.

ಹೀಗೊಂದು ಹೆಚ್ಚುವರಿ ತಲೆಮಾರು ಏಕೆ? ಕೆಂಪು ಕಳೆಗಳ ಯಾವ ಹಂತದಲ್ಲೂ, ಯಾವ ಕೋಶಕ್ಕೂ ಈಜುವ ಕಶಾಂಗವಿಲ್ಲ. ಗಂಡಿನ ಕೋಶ ಹೆಣ್ಣನ್ನು ಅರಸಿ ಈಜಲಾರದು, ಆದ್ದರಿಂದ ನಿಷೇಚನ ಅಪರೂಪ. ಅಪರೂಪಕ್ಕೆ ಕೂಡಿಬಂದ ಒಂದು ಯುಗ್ಮಜವನ್ನು ಒಂದೇ ಬೀಜಕವಾಗಿ ಬಿಟ್ಟುಬಿಡದೆ, ಅದನ್ನು ತಾಯಿಯ ಆಶ್ರಯದಲ್ಲಿ ಬೆಳೆಸಿ ರಾಶಿ ರಾಶಿ ಬೀಜಕಗಳಾಗಿಸಿದರೆ ನಷ್ಟ ತುಂಬುತ್ತದೆ. 1980ರಲ್ಲಿ ಸೀರ್ಲ್ಸ್ ಎಂಬ ವಿಜ್ಞಾನಿ ಮುಂದಿಟ್ಟ ಈ ವಿವರಣೆ ನನಗೆ ಇಂದಿಗೂ ಒಪ್ಪಿಗೆಯಾಗುತ್ತದೆ.

ನುಣುಪಾದ ಗಿಡಗಳಲ್ಲಿ ಟೆಟ್ರಾಸ್ಪೋರ್ ಹುಡುಕುವುದು

ಉಬ್ಬಿಲ್ಲದ ತುಂಡುಗಳು ಮೂರು ಬಗೆಯವಾಗಿರಬಹುದು: ಟೆಟ್ರಾಸ್ಪೋರೊಫೈಟ್ (ಕಾರ್ಪೊಸ್ಪೋರಿನಿಂದ ಬೆಳೆದ, ಟೆಟ್ರಾಸ್ಪೋರ್ ಬಿಡುವ ದ್ವಿಗುಣಿತ ಗಿಡ), ಗಂಡು, ಅಥವಾ ನಿಷೇಚನವಾಗದ ಹೆಣ್ಣೂ ಸೇರಿದಂತೆ ಇನ್ನೂ ಬಲಿಯದ ಯಾವುದೋ ಒಂದು. ಹೊರನೋಟದಲ್ಲಿ ಮೂರೂ ಒಂದೇ. ಇಂಥ ಪ್ರತಿ ತುಂಡಿನಿಂದ ತೆಳ್ಳನೆಯ ಮೇಲ್ಪದರ ಹೆರೆದು, ಹೊರಮೈ ಮೇಲಾಗಿ ಸ್ಲೈಡಿನಲ್ಲಿಡಿ. ಟೆಟ್ರಾಸ್ಪೋರೊಫೈಟಾದರೆ ಪುಟ್ಟ ಕಾರ್ಟೆಕ್ಸ್ ಕೋಶಗಳ ನಡುವೆ ಅಲ್ಲಲ್ಲಿ ಅವುಗಳಿಗಿಂತ ದೊಡ್ಡದಾದ, ಗಾಢ ಕೆಂಪಿನ ಚುಕ್ಕೆಗಳು ಹರಡಿರುತ್ತವೆ. ಅಡ್ಡಸೀಳಿನಲ್ಲಿ ಅವೇ ಕಾರ್ಟೆಕ್ಸಿನಲ್ಲಿ ಹುದುಗಿದ ಮೊಟ್ಟೆಯಾಕಾರದ ಚೀಲಗಳಾಗಿ, ಬಲಿತವು ಕೂಡುಚಿಹ್ನೆಯಂತೆ ನಾಲ್ಕು ಭಾಗವಾಗಿ ಕಾಣುತ್ತವೆ. ಪಾಲಿಸೈಫೋನಿಯಾದಲ್ಲಿ ಈ ವಿಭಜನೆ ಬೇರೆ ಬಗೆ. ಅಲ್ಲಿ ನಾಲ್ಕು ಬೀಜಕಗಳು ಒಂದರ ಮೇಲೆ ಮೂರು ಕೂತಂತಿದ್ದು, ಮೂರೇ ಎದುರಿಗೆ ಕಾಣುತ್ತವೆ. ಮಿಯಾಸಿಸ್, ಅಂದರೆ ವರ್ಣತಂತುಗಳನ್ನು ಅರ್ಧಕ್ಕಿಳಿಸುವ ಕೋಶವಿಭಜನೆ, ನಡೆಯುವುದು ಈ ಚೀಲದಲ್ಲಿ, ಇಲ್ಲಿ ಮಾತ್ರ. ಎರಡು ಕಂತೆ ವರ್ಣತಂತು ಒಂದೇ ಕಂತೆಗೆ ಇಳಿದು, ಹೊರಬೀಳುವ ಬೀಜಕಗಳಲ್ಲಿ ಸರಿಸುಮಾರು ಅರ್ಧ ಗಂಡು ಗಿಡಗಳಾಗಿ, ಅರ್ಧ ಹೆಣ್ಣು ಗಿಡಗಳಾಗಿ ಬೆಳೆಯುತ್ತವೆ.

ಗಂಡು ಗಿಡ

ಗಂಡನ್ನು ಗುರುತಿಸಲು ತಾಳ್ಮೆ ಹೆಚ್ಚು ಬೇಕು. ಸ್ಪರ್ಮೆಟ್ಯಾಂಜಿಯಾ ಎಂಬ ಗಂಡು ಕೋಶಗಳ ತಾಣ ಬಣ್ಣವಿಲ್ಲದ್ದು. ಗ್ರಾಸಿಲೇರಿಯಾದ ಪ್ರಭೇದಗಳಲ್ಲಿ ಅದು ಕೆಲವೆಡೆ ಮೇಲ್ಮೈಯ ಹಾಸಾಗಿ, ಕೆಲವೆಡೆ ತೆಳು ತಗ್ಗಾಗಿ, ಕೆಲವೆಡೆ ಆಳದ ಹೂಜಿಯಂಥ ಗುಳಿಯಾಗಿ ಇರುತ್ತದೆ. ಪ್ರಭೇದ ಗುರುತಿಸುವವರು ಈ ಆಕಾರಕ್ಕೆ ತುಂಬ ಬೆಲೆ ಕೊಡುತ್ತಾರೆ. ಅಲ್ಲಿಂದ ಹೊರಬೀಳುವ ಗಂಡು ಲಿಂಗಕೋಶಗಳು, ಅಂದರೆ ಸ್ಪರ್ಮೇಶಿಯಾ, ಕೆಲವೇ ಮೈಕ್ರೋಮೀಟರ್ ಗಾತ್ರದ ಬಣ್ಣಗೆಟ್ಟ ಗುಂಡುಗಳು. ಅಲೆ ಒಯ್ದಲ್ಲಿ ಹೋಗುವುದಷ್ಟೇ ಅವುಗಳ ಪಾಡು ಎಂದು ಬಹುಕಾಲ ನಂಬಲಾಗಿತ್ತು. ಫ್ರಾನ್ಸಿನ ರೋಸ್ಕಾಫ್‌ನಲ್ಲಿ ಗ್ರಾಸಿಲೇರಿಯಾ ಗ್ರಾಸಿಲಿಸ್ ಮೇಲೆ ಕೆಲಸ ಮಾಡಿದ ವಿಜ್ಞಾನಿಗಳು 2022ರಲ್ಲಿ ಬೇರೆಯದನ್ನೇ ತೋರಿಸಿದರು: ಇಡೋಟಿಯಾ ಬಾಲ್ಟಿಕಾ ಎಂಬ ಪುಟ್ಟ ಕಡಲ ಕಠಿಣಚರ್ಮಿ ಗಂಡು ಗಿಡದ ಮೇಲೆ ಹರಿದಾಡುವಾಗ ಸ್ಪರ್ಮೇಶಿಯಾ ಅದರ ಮೈಗೆ ಅಂಟಿ, ಹೆಣ್ಣು ಗಿಡವನ್ನು ಮುಟ್ಟುತ್ತವೆ. ಜೇನ್ನೊಣ ಹೂವಿಗೆ ಮಾಡುವುದನ್ನು ಈ ಹುಳು ಕಳೆಗೆ ಮಾಡುತ್ತದೆ. ಅಂದಿನಿಂದ ಕಳೆ ತೊಳೆಯುವಾಗ ತಟ್ಟೆಗೆ ಬೀಳುವ ಸಣ್ಣ ಜೀವಿಗಳನ್ನು ನಾನು ಕಸವೆಂದು ಚೆಲ್ಲುವುದಿಲ್ಲ; ನೀವೂ ಬರೆದಿಟ್ಟುಕೊಳ್ಳಿ.

ಕಾರ್ಪೊಗೋನಿಯಂ

ಈಗ ಆ ಕಾಣದ ಕೋಶ. ಉಬ್ಬುಗಳಿರುವ ಹೆಣ್ಣು ಗಿಡದ ಎಳೆಯ ತುದಿಯನ್ನು, ಉಬ್ಬುಗಳು ಇನ್ನೂ ಏಳದ ಭಾಗವನ್ನು ಆರಿಸಿ, ಸಾಧ್ಯವಾದಷ್ಟು ತೆಳ್ಳಗೆ ಸೀಳಿ ನೀಲಿ ಬಣ್ಣ ಹಾಕಿ, ಕವರ್‌ಸ್ಲಿಪ್ಪನ್ನು ಪೆನ್ಸಿಲ್ ಹಿಂಬದಿಯಿಂದ ಮೆಲ್ಲಗೆ ಒತ್ತಿ. ಕಾರ್ಟೆಕ್ಸಿನಲ್ಲಿ ಎರಡೇ ಕೋಶಗಳ ಚಿಕ್ಕ ಕೊಂಬೆಯೊಂದು ಸಿಗಬೇಕು. ಅದರ ತುದಿಯ ಕೋಶವೇ ಕಾರ್ಪೊಗೋನಿಯಂ, ಅಂದರೆ ಹೆಣ್ಣು ಲಿಂಗಕೋಶ. ಅದು ಟ್ರೈಕೋಗೈನ್ ಎಂಬ ಕೂದಲಿನಂಥ ಚಾಚನ್ನು ಹೊರಮೈಯಾಚೆ ನೀಡಿರುತ್ತದೆ. ಸ್ಪರ್ಮೇಶಿಯಂ ಅದಕ್ಕೆ ತಾಗಿ ಅಂಟಿದರೆ ಗಂಡಿನ ಕೋಶಕೇಂದ್ರ ಚಾಚಿನೊಳಗಿಳಿದು ಬುಡಕ್ಕೆ ಸಾಗುತ್ತದೆ. ಅಲ್ಲಿಂದ ಬೆಸುಗೆ ಕೋಶ, ಪೊದೆ, ಉಬ್ಬು: ನೀವು ಈಗಾಗಲೇ ಕಂಡಿರುವ ಎಲ್ಲವೂ ಅದರ ಮುಂದುವರಿಕೆ. ಮೊದಲ ದಿನವೇ ಇದು ಸಿಗದಿದ್ದರೆ ಸೋಲೆಂದು ತಿಳಿಯಬೇಡಿ. ಉಬ್ಬನ್ನು ಸರಿಯಾಗಿ ಓದಿದವರಿಗೆ ಈ ಕೋಶದ ಅರ್ಥ ಆಗಲೇ ದಕ್ಕಿರುತ್ತದೆ.

ಎಲ್ಲ ಕೆಂಪು ಕಳೆಗಳೂ ಹೀಗೆಯೇ ಎಂದು ಹೇಳುವಂತಿಲ್ಲ. ಮಳೆಗಾಲದಲ್ಲಿ ಪಶ್ಚಿಮ ಕರಾವಳಿಯ ಬಂಡೆಗಳ ಮೇಲೆ ತೆಳು ಹಾಳೆಯಂತೆ ಬೆಳೆಯುವ ಪೋರ್ಫಿರಾ ಗುಂಪಿನಲ್ಲಿ ಎರಡು ತಲೆಮಾರುಗಳ ರೂಪಕ್ಕೆ ಹೋಲಿಕೆಯೇ ಇಲ್ಲ. ಹಾಳೆ ಬಿಟ್ಟ ಬೀಜಕ ಚಿಪ್ಪಿನೊಳಗೆ ಕೊರೆದು ಬೆಳೆಯುವ ಸೂಕ್ಷ್ಮ ಎಳೆಯಾಗುತ್ತದೆ. ಆ ಎಳೆಯನ್ನು ಕಾಂಕೊಸೆಲಿಸ್ ಎಂಬ ಬೇರೆಯೇ ಕಳೆಯೆಂದು ತಿಳಿಯಲಾಗಿತ್ತು. ಎರಡೂ ಒಂದೇ ಎಂದು 1949ರಲ್ಲಿ ತೋರಿಸಿದವರು ಬ್ರಿಟನ್ನಿನ ಕ್ಯಾಥ್ಲೀನ್ ಡ್ರೂ ಬೇಕರ್. ಬೀಜಕ ಎಲ್ಲಿಂದ ಬರುತ್ತದೆಂದು ತಿಳಿಯದೆ ಸಮುದ್ರದ ಕೃಪೆಯನ್ನೇ ನಂಬಿದ್ದ ಜಪಾನಿನ ನೋರಿ (ಪೋರ್ಫಿರಾ ಗುಂಪಿನ, ತಿನ್ನುವ ಕಳೆ) ಬೆಳೆಗಾರರು ಇದರಿಂದ ಚಿಪ್ಪುಗಳಲ್ಲೇ ಬೀಜಕ ಬೆಳೆಸುವುದನ್ನು ಕಲಿತರು.

ಬೀಜಕ ಬಿಡಿಸಿ ಬೆಳೆಸುವುದು

ಕೊನೆಯ ಹೆಜ್ಜೆಗೆ ತಾಜಾ ಕಳೆಯೇ ಬೇಕು. ಬಲಿತ ಉಬ್ಬುಗಳಿರುವ ತುಂಡುಗಳನ್ನು ಸೋಸಿದ ಕಡಲ ನೀರಿನಲ್ಲಿ ತೊಳೆದು, ಮೃದುವಾದ ಬ್ರಷ್‌ನಿಂದ ಮೈ ಉಜ್ಜಿ, ಒತ್ತುಕಾಗದದಲ್ಲಿ ನೀರು ಹೀರಿಸಿ, ನೆರಳಿನಲ್ಲಿ ಅರ್ಧದಿಂದ ಒಂದು ಗಂಟೆ ಆರಲು ಬಿಡಿ. ಇಳಿತದ ಹೊತ್ತಿನಲ್ಲಿ ಬಂಡೆಯ ಮೇಲೆ ಅದು ಒಣಗುವ ಹಾಗೆಯೇ ಇದು. ಬಳಿಕ ತಟ್ಟೆಯ ತಳದಲ್ಲಿ ಗಾಜಿನ ಸ್ಲೈಡ್ ಇಟ್ಟು, ಸೋಸಿದ ಕಡಲ ನೀರು ತುಂಬಿ, ತುಂಡುಗಳನ್ನು ಅದರ ಮೇಲೆ ಹಾಕಿ, ನೇರ ಬಿಸಿಲಿಲ್ಲದ ಕಡೆ ರಾತ್ರಿಯಿಡೀ ಅಲುಗಿಸದೆ ಬಿಡಿ. ಎಲ್ಲ ಸರಿಯಾದರೆ ಬೆಳಿಗ್ಗೆ ಉಬ್ಬುಗಳ ಕೆಳಗೆ, ಗಾಜಿನ ಮೇಲೆ, ನಸುಗೆಂಪು ಪುಡಿ ಉದುರಿದಂತೆ ಮಚ್ಚೆಗಳು ಕಾಣುತ್ತವೆ. ಸೂಕ್ಷ್ಮದರ್ಶಕದಲ್ಲಿ ಅವು ಇಪ್ಪತ್ತು ಮೂವತ್ತು ಮೈಕ್ರೋಮೀಟರ್ ಅಗಲದ ಗುಂಡು ಕಾರ್ಪೊಸ್ಪೋರುಗಳು.

ತಾಯಿ ತುಂಡುಗಳನ್ನು ತೆಗೆದುಹಾಕಿ, ನೀರು ಬದಲಿಸಿ. ದಿನಗಳು ಕಳೆದಂತೆ ಬೀಜಕ ಎರಡಾಗಿ, ನಾಲ್ಕಾಗಿ, ಮುದ್ದೆಯಾಗಿ, ಗಾಜಿಗೆ ಅಂಟಿದ ಪುಟ್ಟ ಬಿಲ್ಲೆಯಾಗುತ್ತದೆ. ಬಂಡೆಯಲ್ಲಿ ನೀವು ಉಳಿಸಿ ಬಂದ ಹೋಲ್ಡ್‌ಫಾಸ್ಟಿನ ಮೊದಲ ರೂಪ ಅದು. ಆಮೇಲೆ ಬಿಲ್ಲೆಯ ನಡುವಿನಿಂದ ಚಿಗುರೇಳುತ್ತದೆ. ನೀರನ್ನು ವಾರಕ್ಕೊಮ್ಮೆಯಾದರೂ ಬದಲಿಸದಿದ್ದರೆ ಡಯಾಟಂ ಎಂಬ ಸೂಕ್ಷ್ಮ ಪಾಚಿಗಳು ಕಂದು ಹೊದಿಕೆಯಂತೆ ಹಬ್ಬಿ ಎಲ್ಲವನ್ನೂ ಮುಚ್ಚಿಬಿಡುತ್ತವೆ; ಜರ್ಮೇನಿಯಂ ಡೈಆಕ್ಸೈಡ್ ಅನ್ನು ಅತಿ ಕಡಿಮೆ ಪ್ರಮಾಣದಲ್ಲಿ ಬೆರೆಸಿ ಅವನ್ನು ತಡೆಯುವುದುಂಟು. ಟೆಟ್ರಾಸ್ಪೋರೊಫೈಟಿನ ತುಂಡುಗಳಿಂದಲೂ ಇದೇ ರೀತಿ ಬೀಜಕ ಬಿಡಿಸಿ, ಎರಡು ತಟ್ಟೆಗಳಿಗೂ ಬೇರೆ ಬೇರೆ ಚೀಟಿ ಹಚ್ಚಿ. ಮೊಳಕೆಗಳನ್ನು ನೋಡಿ ಯಾವುದು ಯಾವ ತಟ್ಟೆಯದೆಂದು ಹೇಳಲು ಸಾಧ್ಯವಿಲ್ಲ. ಬೀಜಕ ಬಿಡುವಷ್ಟು ಗಿಡ ಬಲಿಯಲು ತಿಂಗಳುಗಳೇ ಬೇಕು, ಅದುವರೆಗೆ ಚೀಟಿಯೊಂದೇ ಆಧಾರ. ಅಷ್ಟು ದಿನ ಕಾದವರಿಗೆ ಮೊದಲ ತಟ್ಟೆಯ ಗಿಡಗಳಲ್ಲಿ ಉಬ್ಬು ಬಾರದೆ, ನುಣುಪು ಮೈಯೊಳಗೆ ನಾಲ್ಕು ಭಾಗವಾದ ಕೆಂಪು ಚೀಲಗಳು ಕಾಣುತ್ತವೆ.